ಉತ್ಪನ್ನದ ನೆರಳನ್ನು ಸಂಕೇತವೆಂದು ಅಳೆದ ಪ್ರಕರಣ: ಆಸ್ಪರ್ಜಿಲಸ್ ಟೆರಿಯಸ್ ಮತ್ತು ಬ್ಯುಟಿರೋಲ್ಯಾಕ್ಟೋನ್-1

ಹಿನ್ನೆಲೆ

ಆಸ್ಪರ್ಜಿಲಸ್ ಟೆರಿಯಸ್ ಮಣ್ಣಿನಲ್ಲಿ ಸಾಮಾನ್ಯವಾಗಿ ಸಿಗುವ, ಎಳೆಎಳೆಯಾಗಿ ಬೆಳೆಯುವ ಶಿಲೀಂಧ್ರ. ರಾಳ ಮತ್ತು ಪಾಲಿಮರ್‌ಗಳ ತಯಾರಿಕೆಗೆ ಬೇಕಾಗುವ ಇಟಕೋನಿಕ್ ಆಮ್ಲವನ್ನು ಕೈಗಾರಿಕೆಗಳು ಇದರಿಂದಲೇ ತೆಗೆಯುತ್ತವೆ. ರಕ್ತದ ಕೊಲೆಸ್ಟರಾಲ್ ತಗ್ಗಿಸುವ ಲೊವಾಸ್ಟಾಟಿನ್ ಕೂಡ ಇದರದೇ ಕೊಡುಗೆ. 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆದಾಗ ಸ್ಟಾಟಿನ್ ವರ್ಗದ ಔಷಧಗಳಲ್ಲಿ ಲೊವಾಸ್ಟಾಟಿನ್ ಮೊದಲನೆಯದಾಗಿತ್ತು. ಈ ಶಿಲೀಂಧ್ರ ಯಾವಾಗ, ಯಾವ ಪ್ರೇರಣೆಯಿಂದ ಲೊವಾಸ್ಟಾಟಿನ್ ತಯಾರಿಸಲು ತೊಡಗುತ್ತದೆ ಎಂಬುದು ತಿಳಿದರೆ ಇಳುವರಿಯನ್ನು ಹೆಚ್ಚಿಸುವ ದಾರಿಯೂ ತೆರೆದುಕೊಳ್ಳುತ್ತದೆ. ಇಲ್ಲಿ ವಿವರಿಸುವ ಪ್ರಕರಣ ಆರಂಭವಾದದ್ದು ಆ ನಿರೀಕ್ಷೆಯಿಂದಲೇ.

ಸೂಕ್ಷ್ಮಜೀವಿಗಳು ತಮ್ಮ ಸಂಖ್ಯೆ ಒಂದು ಮಟ್ಟವನ್ನು ಮುಟ್ಟಿದೆಯೇ ಎಂಬುದನ್ನು ತಾವೇ ಹೊರಬಿಟ್ಟ ಸಣ್ಣ ಅಣುಗಳ, ಅಂದರೆ ಸಂಕೇತ ಅಣುಗಳ, ಸಾಂದ್ರತೆಯಿಂದ ಅರಿತು, ಅದಕ್ಕೆ ತಕ್ಕಂತೆ ಒಟ್ಟಾಗಿ ವರ್ತನೆ ಬದಲಿಸುತ್ತವೆ ಎಂಬ ವಿಚಾರ ಮೊದಲು ಗಟ್ಟಿಯಾದದ್ದು ಬ್ಯಾಕ್ಟೀರಿಯಾಗಳ ಅಧ್ಯಯನದಲ್ಲಿ. ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಬ್ಯಾಕ್ಟೀರಿಯಾ ಬೀಜಕಗಳನ್ನು ಬಿಡುವುದನ್ನೂ ಸ್ಟ್ರೆಪ್ಟೊಮೈಸಿನ್ ತಯಾರಿಸುವುದನ್ನೂ ಎ-ಫ್ಯಾಕ್ಟರ್ ಎಂಬ ಬ್ಯುಟಿರೋಲ್ಯಾಕ್ಟೋನ್ ಅಣು ನಿಯಂತ್ರಿಸುತ್ತದೆ ಎಂಬುದು 1967ರಿಂದಲೇ ತಿಳಿಯುತ್ತ ಬಂದಿತು. ಶಿಲೀಂಧ್ರಗಳ ಮಟ್ಟಿಗೆ 2001ರಲ್ಲಿ ಕ್ಯಾಂಡಿಡಾ ಆಲ್ಬಿಕಾನ್ಸ್‌ನಲ್ಲಿ ಫಾರ್ನೆಸಾಲ್ ಇಂಥ ಕೆಲಸ ಮಾಡುತ್ತದೆ ಎಂದು ತೋರಿಸಿದ ಮೇಲೆ ಈ ವಿಷಯಕ್ಕೆ ವಿಶೇಷ ಗಮನ ಬಂತು. ಆದರೆ ಅದಕ್ಕೂ ಮೊದಲೇ, 1998ರಲ್ಲಿ, ಆಸ್ಪರ್ಜಿಲಸ್ ಟೆರಿಯಸ್ ತಾನೇ ತಯಾರಿಸುವ ಬ್ಯುಟಿರೋಲ್ಯಾಕ್ಟೋನ್-1 ಎಂಬ ಅಣುವನ್ನು ಹೊರಗಿನಿಂದ ಅದರ ಕೃಷಿಗೆ (ಅದನ್ನು ಬೆಳೆಸುವ ದ್ರವಕ್ಕೆ) ಸೇರಿಸಿದಾಗ ಎಳೆಗಳ ಕವಲೊಡೆಯುವಿಕೆ, ದ್ರವದೊಳಗೆ ಬೀಜಕ ಬಿಡುವಿಕೆ ಮತ್ತು ಲೊವಾಸ್ಟಾಟಿನ್ ಸೇರಿದಂತೆ ದ್ವಿತೀಯಕ ಉತ್ಪನ್ನಗಳ (ಬೆಳವಣಿಗೆಗೆ ನೇರವಾಗಿ ಬೇಡದ ವಸ್ತುಗಳ) ತಯಾರಿಕೆ ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಏರಿದವೆಂದು ವರದಿಯಾಗಿತ್ತು.

ಸೇರಿಸಿದಾಗ ಪರಿಣಾಮ ಕಾಣುತ್ತದೆ ಎಂಬುದು ಒಂದು ಮಾತು. ಶಿಲೀಂಧ್ರ ತಾನಾಗಿಯೇ ಆ ಅಣುವನ್ನು ಎಷ್ಟು, ಯಾವ ದಿನ ಹೊರಬಿಡುತ್ತದೆ, ಆ ಪ್ರಮಾಣ ಪರಿಣಾಮ ಉಂಟುಮಾಡುವಷ್ಟಿರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಬರಬೇಕಾದರೆ ಅಳತೆಯೇ ಆಗಬೇಕು. ನಮ್ಮ ಪ್ರಯೋಗಾಲಯ ಕೈಗೆತ್ತಿಕೊಂಡದ್ದು ಆ ಅಳತೆಯನ್ನು. ಮೊದಲ ಸುತ್ತಿನಲ್ಲಿ ನಾವು ಅಳೆದದ್ದು ಮಾತ್ರ ಬೇರೊಂದು ವಸ್ತುವನ್ನು. ಅದು ಹೇಗಾಯಿತು, ಹೇಗೆ ಗೊತ್ತಾಯಿತು ಎಂಬುದನ್ನು ವಿವರವಾಗಿ ದಾಖಲಿಸುವುದು ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕೃಷಿ ಮತ್ತು ಮಾದರಿ ಸಂಗ್ರಹ

250 ಮಿಲಿಲೀಟರ್‌ನ ಶೇಕ್ ಫ್ಲಾಸ್ಕ್‌ಗಳಲ್ಲಿ 50 ಮಿಲಿಲೀಟರ್ ಮಾಧ್ಯಮ ತುಂಬಿ, ಲ್ಯಾಕ್ಟೋಸನ್ನು ಇಂಗಾಲದ ಮೂಲವಾಗಿ ಕೊಟ್ಟು, ಮಿಲಿಲೀಟರಿಗೆ 10 ಲಕ್ಷ ಬೀಜಕಗಳಂತೆ ಎಣಿಸಿ ಬಿತ್ತಿ, 28 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ದಿನ ಅಲುಗಾಡಿಸುತ್ತ ಬೆಳೆಸಿದೆವು. ಈ ಶಿಲೀಂಧ್ರ ದ್ರವದಲ್ಲಿ ಬೆಳೆಯುವಾಗ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಸಣ್ಣ ಉಂಡೆಗಳಾಗುತ್ತವೆ. ಒಂದೇ ಫ್ಲಾಸ್ಕಿನಿಂದ ದಿನವೂ ಪಿಪೆಟ್‌ನಲ್ಲಿ ಒಂದಿಷ್ಟು ತೆಗೆದರೆ ಉಂಡೆಗಳು ಪಿಪೆಟ್ಟಿನ ತುದಿಯಲ್ಲಿ ಸಿಕ್ಕಿಕೊಂಡು ದ್ರವ ಮಾತ್ರ ಒಳಬರುತ್ತದೆ. ಹಾಗಾಗಿ ಫ್ಲಾಸ್ಕಿನಲ್ಲಿ ಉಳಿದದ್ದರ ಸ್ವರೂಪವೇ ದಿನದಿಂದ ದಿನಕ್ಕೆ ಬದಲಾಗುತ್ತ ಹೋಗುತ್ತದೆ. ಅದನ್ನು ತಪ್ಪಿಸಲು ಪ್ರತಿದಿನಕ್ಕೆ ಮೂರು ಫ್ಲಾಸ್ಕ್‌ಗಳನ್ನು ಮೀಸಲಿಟ್ಟು, ಆಯಾ ದಿನ ಅವುಗಳನ್ನು ಪೂರ್ತಿಯಾಗಿ ಬಳಸಿ ಮುಗಿಸಿದೆವು. ಹತ್ತು ದಿನಗಳಲ್ಲಿ ನೀರು ಆವಿಯಾಗಿ ಸಾಂದ್ರತೆ ಸುಮ್ಮನೆ ಏರಿದಂತೆ ಕಾಣುವುದುಂಟು, ಆದುದರಿಂದ ಪ್ರತಿ ಫ್ಲಾಸ್ಕನ್ನು ಮೊದಲ ದಿನವೂ ಕೊನೆಯ ದಿನವೂ ತೂಗಿದೆವು. ಶಿಲೀಂಧ್ರದ ಒಣ ತೂಕವನ್ನೂ ತೆಗೆದು, ಅಳತೆಯನ್ನು ಲೀಟರಿಗೆ ಎಷ್ಟೆಂದೂ ಒಣ ತೂಕದ ಗ್ರಾಮಿಗೆ ಎಷ್ಟೆಂದೂ ಎರಡು ಬಗೆಯಲ್ಲಿ ದಾಖಲಿಸಿದೆವು. ಈ ಭಾಗದಲ್ಲಿ ನಾವು ಮಾಡಿದ್ದು ಸರಿಯಾಗಿಯೇ ಇತ್ತು ಎಂದು ಈಗಲೂ ಹೇಳಬಲ್ಲೆ.

ಮುಂದಿನ ಹಂತ ಹೀಗಿತ್ತು. ದ್ರವವನ್ನು ನೈಲಾನ್ ಶೋಧಕದಲ್ಲಿ ಸೋಸಿ, ಆಮ್ಲ ಸೇರಿಸಿ ಪಿಎಚ್ 3ಕ್ಕೆ ಇಳಿಸಿ, ಈಥೈಲ್ ಅಸಿಟೇಟ್‌ನಲ್ಲಿ ಸಾರ ತೆಗೆದು, ಒಣಗಿಸಿ, ಮೆಥನಾಲ್‌ನಲ್ಲಿ ಮತ್ತೆ ಕರಗಿಸಿ, ಸಿಂಗಲ್ ಕ್ವಾಡ್ರುಪೋಲ್ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಯಂತ್ರಕ್ಕೆ ಹಾಯಿಸಿದೆವು. ಇದರಲ್ಲಿ ಕಾಲಮ್ ಎಂಬ ಕೊಳವೆ ಸಾರದ ವಸ್ತುಗಳನ್ನು ಬೇರೆಬೇರೆ ಹೊತ್ತಿಗೆ ಹೊರಬಿಡುತ್ತದೆ, ಸ್ಪೆಕ್ಟ್ರೋಮೀಟರ್ ಅವುಗಳ ಅಯಾನುಗಳನ್ನು ದ್ರವ್ಯರಾಶಿಯಿಂದ ಗುರುತಿಸುತ್ತದೆ. ಬ್ಯುಟಿರೋಲ್ಯಾಕ್ಟೋನ್-1ರ ಅಣುವಿನಲ್ಲಿ 24 ಇಂಗಾಲ, 24 ಜಲಜನಕ ಮತ್ತು 7 ಆಮ್ಲಜನಕ ಪರಮಾಣುಗಳಿವೆ. ಅಣುವಿನ ದ್ರವ್ಯರಾಶಿ 424. ಋಣ ಅಯಾನು ವಿಧಾನದಲ್ಲಿ ಅದು ಒಂದು ಪ್ರೋಟಾನ್ ಕಳೆದುಕೊಂಡು 423ರಲ್ಲಿ ಕಾಣಿಸಿಕೊಳ್ಳುತ್ತದೆ. ಮಾದರಿಗಳ ಸಂಖ್ಯೆ ಹೆಚ್ಚಿದ್ದರಿಂದ ಪ್ರತಿ ಓಟವೂ ಬೇಗ ಮುಗಿಯಲೆಂದು ಚಿಕ್ಕ ಕಾಲಮ್ ಮತ್ತು ಕಡಿದಾದ ಗ್ರೇಡಿಯೆಂಟ್ (ದ್ರಾವಕದ ಮಿಶ್ರಣವನ್ನು ಬೇಗಬೇಗ ಬದಲಿಸುವ ಕ್ರಮ) ಆರಿಸಿಕೊಂಡು, ಯಂತ್ರ 423ರ ಚಾನೆಲನ್ನು ಮಾತ್ರ ನೋಡುವಂತೆ ಹೊಂದಿಸಿದೆವು. ಲೊವಾಸ್ಟಾಟಿನನ್ನು ಅದೇ ಸಾರದಿಂದ ಬೇರೊಂದು ಓಟದಲ್ಲಿ, 238 ನ್ಯಾನೋಮೀಟರ್‌ನ ನೇರಳಾತೀತ ಬೆಳಕಿನಲ್ಲಿ ಅಳೆಯುತ್ತಿದ್ದೆವು.

ಬಂದ ಫಲಿತಾಂಶ

ಹತ್ತು ದಿನಗಳ ರೇಖೆ ಎಳೆದಾಗ ಕಂಡದ್ದು ನಾವು ಬಯಸಿದ್ದಕ್ಕಿಂತ ಚೊಕ್ಕವಾಗಿತ್ತು. ಮೊದಲ ದಿನಗಳಲ್ಲಿ 423ರ ಚಾನೆಲ್‌ನಲ್ಲಿ ಏನೂ ಇಲ್ಲ. ಲೊವಾಸ್ಟಾಟಿನ್ ಕಾಣಿಸಿಕೊಂಡ ದಿನವೇ ಅಲ್ಲಿಯೂ ಒಂದು ಪೀಕ್ (ಸಂಜ್ಞೆಯ ಶಿಖರ) ತಲೆಯೆತ್ತಿ, ಅದರೊಂದಿಗೇ ಏರಿ, ಅದು ಸಮತಟ್ಟಾದಾಗ ತಾನೂ ಸಮತಟ್ಟಾಗಿತ್ತು. ಸಂಕೇತ ಅಣು ಮತ್ತು ಉತ್ಪನ್ನ ಕೈಕೈ ಹಿಡಿದು ನಡೆದಂತಿದ್ದ ಆ ಚಿತ್ರವನ್ನು ನೋಡಿ ತಂಡದವರೆಲ್ಲ ಸಂತೋಷಪಟ್ಟೆವು. ಬ್ಯುಟಿರೋಲ್ಯಾಕ್ಟೋನ್-1 ಲೊವಾಸ್ಟಾಟಿನ್ ತಯಾರಿಕೆಯನ್ನು ಪ್ರೇರೇಪಿಸುತ್ತದೆ ಎಂಬ ಕಲ್ಪನೆಗೆ ಇದಕ್ಕಿಂತ ಒಪ್ಪುವ ಸಾಕ್ಷ್ಯ ಬೇರೆ ಬೇಕಿಲ್ಲ ಎಂದೇ ತೋರಿತು.

ನಾವು ಕಣ್ಣುಮುಚ್ಚಿ ಒಪ್ಪಿಕೊಂಡೆವೆಂದೇನೂ ಅಲ್ಲ, ಎರಡು ಪರೀಕ್ಷೆಗಳನ್ನು ಮಾಡಿದ್ದೆವು. ಒಂದು, ಲೊವಾಸ್ಟಾಟಿನ್ ಈ ಅಳತೆಗೆ ಅಡ್ಡಬರುತ್ತದೆಯೇ ಎಂದು ತಿಳಿಯಲು ಶುದ್ಧ ಲೊವಾಸ್ಟಾಟಿನ್ ಸ್ಟ್ಯಾಂಡರ್ಡನ್ನು (ಹೋಲಿಕೆಗೆಂದು ಕೊಂಡುತರುವ ಶುದ್ಧ ವಸ್ತುವನ್ನು) ಮೆಥನಾಲ್‌ನಲ್ಲಿ ಕರಗಿಸಿ ಅದೇ ಓಟಕ್ಕೆ ಹಾಯಿಸಿದೆವು. 423ರಲ್ಲಿ ಏನೂ ಬರಲಿಲ್ಲ. ಇನ್ನೊಂದು, ಸ್ಟ್ಯಾಂಡರ್ಡ್ ಸೇರಿಸಿ ಅಳೆಯುವ ವಿಧಾನ. ಹುದುಗು ದ್ರವದ ಸಾರದಲ್ಲಿ ನೂರಾರು ವಸ್ತುಗಳಿರುವುದರಿಂದ ಅವು ಅಯಾನೀಕರಣದಲ್ಲಿ ಪೈಪೋಟಿ ನಡೆಸಿ ನಮಗೆ ಬೇಕಾದ ಅಣುವಿನ ಸಂಜ್ಞೆಯನ್ನು ಕುಗ್ಗಿಸುತ್ತವೆ. ಅದನ್ನು ಸರಿದೂಗಿಸಲು ಒಂದೇ ಸಾರವನ್ನು ಸಮಭಾಗ ಮಾಡಿ, ಒಂದೊಂದಕ್ಕೂ ಗೊತ್ತಿರುವ ಪ್ರಮಾಣದ ಬ್ಯುಟಿರೋಲ್ಯಾಕ್ಟೋನ್-1ನ್ನು ಏರಿಕೆಯ ಕ್ರಮದಲ್ಲಿ ಸೇರಿಸಿ, ಬಂದ ನೇರ ರೇಖೆಯನ್ನು ಹಿಂದಕ್ಕೆ ಎಳೆದು, ಮೂಲದಲ್ಲಿ ಎಷ್ಟಿತ್ತೆಂದು ಲೆಕ್ಕ ಹಾಕುತ್ತಾರೆ. ನಮ್ಮ ರೇಖೆ ಸ್ವಲ್ಪವೂ ಬಾಗದೆ ನೇರವಾಗಿ ಬಂದಿತ್ತು. ಈ ಎರಡು ಪರೀಕ್ಷೆಗಳೂ ಏಕೆ ಕೈಕೊಟ್ಟವು ಎಂಬುದೇ ಈ ಪ್ರಕರಣದ ತಿರುಳು.

ಸಂದೇಹ ಹುಟ್ಟಿದ ಬಗೆ

ಅನುಮಾನ ಬಂದದ್ದು ಹೊಂದಿಕೆಯಾಗದ ಒಂದು ಸಣ್ಣ ಸಂಗತಿಯಿಂದ. ಎಂಟನೇ ದಿನದ ಮೂರು ಫ್ಲಾಸ್ಕ್‌ಗಳಲ್ಲಿ ಎರಡರ ಸಾರವನ್ನು ನೈಟ್ರೋಜನ್ ಹರಿವಿನಲ್ಲಿ, ಕೋಣೆಯ ಉಷ್ಣತೆಯಲ್ಲಿಯೇ ಒಣಗಿಸಿ ಆ ದಿನವೇ ಯಂತ್ರಕ್ಕೆ ಹಾಯಿಸಲಾಗಿತ್ತು. ಮೂರನೆಯದನ್ನು ಆಮ್ಲದ ಅಂಶ ಉಳಿದಿದ್ದಂತೆಯೇ ಬಿಸಿ ನೀರಿನ ತೊಟ್ಟಿಯ ಮೇಲೆ ಒಣಗಿಸಿ, ಕೆಲವು ದಿನ ಇಟ್ಟು ಆಮೇಲೆ ಹಾಯಿಸಿದ್ದರು. ಆ ಮೂರನೆಯದರಲ್ಲಿ 423ರ ಪೀಕ್ ಬಹುಮಟ್ಟಿಗೆ ಮಾಯವಾಗಿತ್ತು. ಬಿಸಿಗೆ ಬ್ಯುಟಿರೋಲ್ಯಾಕ್ಟೋನ್-1 ಕೆಟ್ಟುಹೋಗಿರಬೇಕೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಆ ಮಾದರಿಯನ್ನು ಬದಿಗಿಡಲು ಹೊರಟಿದ್ದೆವು. ಆದರೆ ಶುದ್ಧ ಬ್ಯುಟಿರೋಲ್ಯಾಕ್ಟೋನ್-1ನ್ನು ಅದೇ ರೀತಿ ಆಮ್ಲದೊಂದಿಗೆ ಬಿಸಿ ಮಾಡಿ ನೋಡಿದಾಗ ಅದು ಹೆಚ್ಚು ಕಡಿಮೆಯಾಗದೆ ಉಳಿಯಿತು. ಹಾಗಾದರೆ ಮಾಯವಾದದ್ದು ಏನು?

ಆಮ್ಲ ಮತ್ತು ಬಿಸಿಗೆ ರೂಪ ಬದಲಿಸುವ ವಸ್ತು ಆ ಸಾರದಲ್ಲಿ ಒಂದಿತ್ತು. ಅದು ಲೊವಾಸ್ಟಾಟಿನ್. ಈ ಅಣುವಿಗೆ ಎರಡು ರೂಪಗಳಿವೆ. ಮಾತ್ರೆಯಲ್ಲಿ ಮತ್ತು ಕೊಂಡುತರುವ ಸ್ಟ್ಯಾಂಡರ್ಡ್ ಸೀಸೆಯಲ್ಲಿ ಇರುವುದು ಉಂಗುರ ಮುಚ್ಚಿದ ಲ್ಯಾಕ್ಟೋನ್ ರೂಪ; ಅದರ ದ್ರವ್ಯರಾಶಿ 404. ಹುದುಗು ದ್ರವದಲ್ಲಿ ಹೆಚ್ಚಾಗಿ ಇರುವುದು ಒಂದು ನೀರಿನ ಅಣುವನ್ನು ಕೂಡಿಸಿಕೊಂಡು ಉಂಗುರ ತೆರೆದ ಹೈಡ್ರಾಕ್ಸಿ ಆಮ್ಲದ ರೂಪ. ಅದರ ದ್ರವ್ಯರಾಶಿ 422. ಆಮ್ಲ ಮತ್ತು ಬಿಸಿ ಸೇರಿದರೆ ಉಂಗುರ ಮುಚ್ಚಿಕೊಳ್ಳುತ್ತದೆ, ಕ್ಷಾರದಲ್ಲಿ ತೆರೆದುಕೊಳ್ಳುತ್ತದೆ. ನಾವು ಅಡ್ಡಿಯ ಪರೀಕ್ಷೆ ಮಾಡಿದ್ದು ಸೀಸೆಯಲ್ಲಿದ್ದ ಮುಚ್ಚಿದ ರೂಪದ ಮೇಲೆ. ಫ್ಲಾಸ್ಕಿನಲ್ಲಿದ್ದದ್ದು ತೆರೆದ ರೂಪ. ಹೆಸರು ಒಂದೇ ಆದ್ದರಿಂದ ವಸ್ತುವೂ ಒಂದೇ ಎಂದು ಭಾವಿಸಿ, ಮಾದರಿಯಲ್ಲಿ ಇಲ್ಲದೇ ಇದ್ದ ವಸ್ತು ಅಡ್ಡಬರುವುದಿಲ್ಲವೆಂದು ನಾವು ಶ್ರದ್ಧೆಯಿಂದ ಸಾಬೀತುಪಡಿಸಿದ್ದೆವು.

423ರ ಲೆಕ್ಕ

ತೆರೆದ ರೂಪದ ಲೊವಾಸ್ಟಾಟಿನ್ ಪ್ರೋಟಾನ್ ಕಳೆದುಕೊಂಡಾಗ ಕಾಣಿಸುವುದು 421ರಲ್ಲಿ, 423ರಲ್ಲಿ ಅಲ್ಲ. ಹಾಗಿದ್ದರೂ ಅದು 423ಕ್ಕೆ ಬಂದ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕಾಗದ ಪೆನ್ಸಿಲಿನಲ್ಲಿ ಮೊದಲೇ ಮಾಡಿ ಮುಗಿಸಬಹುದಾಗಿದ್ದ ಲೆಕ್ಕ ಇದು.

ನಿಸರ್ಗದ ಇಂಗಾಲದಲ್ಲಿ ನೂರಕ್ಕೆ ಸುಮಾರು 1.1 ಭಾಗ ಇಂಗಾಲ-13 ಎಂಬ ಭಾರದ ಐಸೋಟೋಪ್ ಇರುತ್ತದೆ. ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 0.2 ಭಾಗ ಆಮ್ಲಜನಕ-18 ಇರುತ್ತದೆ. 24 ಇಂಗಾಲಗಳಿರುವ ಅಣುವಿನಲ್ಲಿ ಒಂದಾದರೂ ಭಾರದ ಇಂಗಾಲ ಸೇರಿರುವ ಸಂಭವ ಸಣ್ಣದಲ್ಲ. ಲೊವಾಸ್ಟಾಟಿನ್ ಆಮ್ಲದಲ್ಲಿ 24 ಇಂಗಾಲ, 38 ಜಲಜನಕ, 6 ಆಮ್ಲಜನಕ ಪರಮಾಣುಗಳಿವೆ. ಅದರ 421ರ ಪೀಕನ್ನು 100 ಎಂದಿಟ್ಟುಕೊಂಡರೆ, ಒಂದು ಘಟಕ ಭಾರ ಹೆಚ್ಚಿರುವ 422ರಲ್ಲಿ ಸುಮಾರು 27, ಎರಡು ಘಟಕ ಹೆಚ್ಚಿರುವ 423ರಲ್ಲಿ ಸುಮಾರು 4.6 ಬರಬೇಕೆಂದು ಲೆಕ್ಕ ಹೇಳುತ್ತದೆ. ಈ 4.6 ಎಂಬುದು ಚಿಕ್ಕ ಸಂಖ್ಯೆ. ಆದರೆ ಫ್ಲಾಸ್ಕಿನಲ್ಲಿ ಲೊವಾಸ್ಟಾಟಿನ್ ಮುಖ್ಯ ಉತ್ಪನ್ನ, ಬ್ಯುಟಿರೋಲ್ಯಾಕ್ಟೋನ್-1 ಅತ್ಯಲ್ಪ ಅಂಶ. ಎರಡೂ ಸಮಾನವಾಗಿ ಅಯಾನೀಕರಣಗೊಳ್ಳುತ್ತವೆ ಎಂದುಕೊಂಡು, ಮೊದಲನೆಯದು ಎರಡನೆಯದರ ನೂರು ಪಟ್ಟು ಇದ್ದರೆ, 423ರ ಚಾನೆಲ್‌ನಲ್ಲಿ ನಿಜವಾದ ಬ್ಯುಟಿರೋಲ್ಯಾಕ್ಟೋನ್-1ರ ಸಂಜ್ಞೆಗಿಂತ ಲೊವಾಸ್ಟಾಟಿನ್‌ನ ಐಸೋಟೋಪ್ ನೆರಳು ನಾಲ್ಕು ಪಟ್ಟಿಗಿಂತ ಹೆಚ್ಚಿರುತ್ತದೆ. ಉತ್ಪನ್ನ ಏರಿದಂತೆ ನೆರಳೂ ಏರುತ್ತದೆ, ಅದು ನಿಂತಾಗ ನೆರಳೂ ನಿಲ್ಲುತ್ತದೆ. ನಮ್ಮನ್ನು ಸಂತೋಷಪಡಿಸಿದ ಆ ಜೊತೆನಡಿಗೆಯ ಕಾರಣ ಇಷ್ಟೇ ಆಗಿತ್ತು.

ಎರಡೂ 423ರಲ್ಲಿವೆ ಎಂದರೂ ದಶಮಾಂಶದವರೆಗೆ ನೋಡಿದರೆ ಅವು ಬೇರೆ ಬೇರೆ. ಬ್ಯುಟಿರೋಲ್ಯಾಕ್ಟೋನ್-1ರ ಅಯಾನು 423.14ರಲ್ಲಿ, ಲೊವಾಸ್ಟಾಟಿನ್ ಆಮ್ಲದ ನೆರಳು 423.27ರಲ್ಲಿ. ನಡುವಿನ ಅಂತರ 0.12. ಸಿಂಗಲ್ ಕ್ವಾಡ್ರುಪೋಲ್ ಒಂದು ಪೂರ್ಣ ಘಟಕದ ಆಸುಪಾಸಿನ ಕಿಂಡಿಯಿಂದ ನೋಡುವ ಯಂತ್ರವಾದ್ದರಿಂದ ಈ ಅಂತರ ಅದಕ್ಕೆ ಕಾಣುವುದಿಲ್ಲ. ಧನ ಅಯಾನು ವಿಧಾನಕ್ಕೆ ಬದಲಾಯಿಸಿದರೆ ತಪ್ಪಿಸಿಕೊಳ್ಳಬಹುದೇ ಎಂದು ಯೋಚಿಸಿದೆವು. ಅಲ್ಲಿಯೂ ಲೊವಾಸ್ಟಾಟಿನ್ ಆಮ್ಲ 423, ಬ್ಯುಟಿರೋಲ್ಯಾಕ್ಟೋನ್-1 425. ಸೋಡಿಯಂ ಕೂಡಿದ ಅಯಾನುಗಳಲ್ಲಿ ಒಂದು 445, ಇನ್ನೊಂದು 447. ಎರಡು ಅಣುಗಳ ನಡುವಿನ ಎರಡು ಘಟಕಗಳ ಅಂತರ ಯಾವ ವಿಧಾನದಲ್ಲಿಯೂ ಹಾಗೆಯೇ ಉಳಿಯುತ್ತದೆ. ಈ ಎರಡು ಅಣುಗಳನ್ನು ಒಂದೇ ಶಿಲೀಂಧ್ರ ತಯಾರಿಸುತ್ತದೆ ಎಂಬುದು ಅಳೆಯುವವನ ಮಟ್ಟಿಗೆ ದುರದೃಷ್ಟವೇ ಸರಿ.

ಸ್ಟ್ಯಾಂಡರ್ಡ್ ಸೇರಿಸುವ ವಿಧಾನ ಏಕೆ ಎಚ್ಚರಿಸಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು. ಉತ್ತರ ಸರಳ. ಆ ವಿಧಾನ ಸರಿಪಡಿಸುವುದು ರೇಖೆಯ ಓರೆಯನ್ನು, ಅಂದರೆ ಸಂಜ್ಞೆ ಕುಗ್ಗಿದ್ದರೆ ಅಥವಾ ಹಿಗ್ಗಿದ್ದರೆ ಆ ಗುಣಕವನ್ನು. ಪ್ರತಿ ಭಾಗಕ್ಕೂ ಸಮನಾಗಿ ಬಂದು ಕೂಡಿಕೊಳ್ಳುವ ಹೊರಗಿನ ಸಂಜ್ಞೆ ಇದ್ದರೆ ಇಡೀ ರೇಖೆ ಅಷ್ಟು ಮೇಲಕ್ಕೆ ಸರಿಯುತ್ತದೆಯೇ ಹೊರತು ಬಾಗುವುದಿಲ್ಲ. ಹಿಂದಕ್ಕೆ ಎಳೆದಾಗ ಆ ಹೊರಗಿನ ಭಾಗವನ್ನೂ ನಮ್ಮ ಅಣುವಿನ ಲೆಕ್ಕಕ್ಕೆ ಸೇರಿಸಿ ಉತ್ತರ ಕೊಡುತ್ತದೆ. ರೇಖೆ ನೇರವಾಗಿದೆ ಎಂಬುದು ಯಂತ್ರ ಸರಿಯಾಗಿ ಪ್ರತಿಸ್ಪಂದಿಸುತ್ತಿದೆ ಎಂದಷ್ಟೇ ಹೇಳುತ್ತದೆ, ಏನನ್ನು ನೋಡುತ್ತಿದೆ ಎಂದು ಹೇಳುವುದಿಲ್ಲ. ಈ ವಿಧಾನವನ್ನು ಜಟಿಲ ಮಾದರಿಗಳಿಗೆಲ್ಲ ಪರಿಹಾರವೆಂಬಂತೆ ಬೋಧಿಸುವುದನ್ನು ಕಂಡಿದ್ದೇನೆ. ಅದರ ಈ ಮಿತಿಯನ್ನೂ ಅಷ್ಟೇ ಒತ್ತಿ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಊಹೆಯನ್ನು ಪರೀಕ್ಷೆಗೆ ಒಡ್ಡಿದ್ದು

ಲೆಕ್ಕ ಹೊಂದಿತೆಂದ ಮಾತ್ರಕ್ಕೆ ಊಹೆ ನಿಜವಾಗುವುದಿಲ್ಲ. ಮೊದಲ ಸುತ್ತಿನಲ್ಲಿಯೂ ಎಲ್ಲವೂ ಹೊಂದಿಕೊಂಡೇ ಇತ್ತಲ್ಲ. ಆದ್ದರಿಂದ ನೆರಳಿನ ಊಹೆ ತಪ್ಪಾಗಿದ್ದರೆ ತಪ್ಪೆಂದು ತೋರಿಸಬಲ್ಲ ಪ್ರಯೋಗಗಳನ್ನು ಹುಡುಕಿದೆವು.

ಮೊದಲನೆಯದಾಗಿ, ಶುದ್ಧ ಲೊವಾಸ್ಟಾಟಿನ್ ಲ್ಯಾಕ್ಟೋನನ್ನು ಎಥನಾಲ್‌ನಲ್ಲಿ ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, 50 ಡಿಗ್ರಿಯಲ್ಲಿ ಇಟ್ಟು ಉಂಗುರ ತೆರೆಸಿ, ತಟಸ್ಥಗೊಳಿಸಿ, ಯಂತ್ರಕ್ಕೆ ಹಾಯಿಸಿದೆವು. ಬ್ಯುಟಿರೋಲ್ಯಾಕ್ಟೋನ್-1 ಲವಲೇಶವೂ ಇಲ್ಲದ ಆ ದ್ರಾವಣದಲ್ಲಿ 423ರ ಪೀಕ್, ಅದೇ ನಿಮಿಷದಲ್ಲಿ, ಎದ್ದು ನಿಂತಿತು. ಕಡಿದಾದ ಗ್ರೇಡಿಯೆಂಟಿನಲ್ಲಿ ಎರಡು ವಸ್ತುಗಳೂ ಒಂದರ ಮೇಲೊಂದು ಹೊರಬರುತ್ತಿದ್ದವು. ನಿಜ ಹೇಳಬೇಕೆಂದರೆ ಇದೊಂದೇ ಸಾಕಿತ್ತು, ಮೊದಲ ದಿನವೇ ಮಾಡಬೇಕಾಗಿದ್ದದ್ದೂ ಇದನ್ನೇ.

ಎರಡನೆಯದಾಗಿ ಪೀಕ್‌ಗಳ ಅನುಪಾತವನ್ನು ನೋಡಿದೆವು. 423ರಲ್ಲಿರುವುದು ಬ್ಯುಟಿರೋಲ್ಯಾಕ್ಟೋನ್-1 ಆಗಿದ್ದರೆ ಅದರದೇ ಐಸೋಟೋಪ್ ಪೀಕ್ 424ರಲ್ಲಿ ಸುಮಾರು ನಾಲ್ಕನೇ ಒಂದು ಭಾಗದಷ್ಟಿರಬೇಕು. ಲೊವಾಸ್ಟಾಟಿನ್‌ನ ನೆರಳಾಗಿದ್ದರೆ 424ರಲ್ಲಿರುವುದು ಮೂರು ಘಟಕ ಭಾರದ ಇನ್ನೂ ವಿರಳ ರೂಪ. ಅದು 423ರ ಎಂಟನೇ ಒಂದು ಭಾಗದ ಆಸುಪಾಸು ಮಾತ್ರ ಇರುತ್ತದೆ. ಹುದುಗು ದ್ರವದ ಸಾರದಲ್ಲಿ ಕಂಡದ್ದು ಎರಡನೆಯ ಬಗೆಯ ಅನುಪಾತಕ್ಕೆ ಹತ್ತಿರವಿತ್ತು. 421ರ ಪೀಕ್ ಜೊತೆಗೂ ಹೋಲಿಸಿದೆವು. ಆದರೆ ಆ ಪೀಕ್ ಡಿಟೆಕ್ಟರನ್ನು ತುಂಬಿಬಿಡುವಷ್ಟು ದೊಡ್ಡದಿದ್ದುದರಿಂದ, ಸಾರವನ್ನು ಚೆನ್ನಾಗಿ ತೆಳುಗೊಳಿಸಿದ ಮೇಲಷ್ಟೇ ಲೆಕ್ಕದ ಸಂಖ್ಯೆ ಬಂತು.

ಮೂರನೆಯ ದಾರಿ ಬೆಳಕಿನದು. ಲೊವಾಸ್ಟಾಟಿನ್ ಹೀರುವುದು 238 ನ್ಯಾನೋಮೀಟರಿನ ಆಸುಪಾಸಿನಲ್ಲಿ. 300ರಾಚೆ ಅದು ಪಾರದರ್ಶಕವೆನ್ನಬಹುದು. ಬ್ಯುಟಿರೋಲ್ಯಾಕ್ಟೋನ್-1ರಲ್ಲಿ ಎರಡು ಫೀನಾಲ್ ಉಂಗುರಗಳಿದ್ದು, ಅದು 308 ನ್ಯಾನೋಮೀಟರಿನ ಸಮೀಪ ಚೆನ್ನಾಗಿ ಹೀರುತ್ತದೆ. ಹಲವು ತರಂಗಾಂತರಗಳ ಹೀರುವಿಕೆಯನ್ನು ಒಟ್ಟಿಗೆ ದಾಖಲಿಸುವ ಡಯೋಡ್ ಅರೇ ಡಿಟೆಕ್ಟರ್‌ನ ದಾಖಲೆಗಳು ಯಂತ್ರದಲ್ಲಿ ಮೊದಲಿನಿಂದಲೂ ಉಳಿದಿದ್ದವು. ನಾವು ತೆರೆದು ನೋಡಿರಲಿಲ್ಲ. ಈಗ ನೋಡಿದರೆ, 423ರ ಪೀಕ್ ಬಂದ ನಿಮಿಷದಲ್ಲಿ 238ರ ರೇಖೆ ದಿನೇದಿನೇ ಏರಿತ್ತು, 308ರ ರೇಖೆ ಬಹುತೇಕ ಅಲುಗಿರಲಿಲ್ಲ. ಈ ಸಾಕ್ಷ್ಯಕ್ಕೆ ಒಂದು ಮಿತಿಯಿದೆ. ಇದೇ ಶಿಲೀಂಧ್ರ ಸಲೋಕ್ರಿನ್, ಜಿಯೋಡಿನ್ ಮುಂತಾದ ಬೇರೆ ಫೀನಾಲ್ ವಸ್ತುಗಳನ್ನೂ ತಯಾರಿಸುವುದರಿಂದ, 308ರಲ್ಲಿ ಏನಾದರೂ ಕಂಡರೆ ಅದು ಬ್ಯುಟಿರೋಲ್ಯಾಕ್ಟೋನ್-1 ಎಂದು ಹೇಳಿಬಿಡಲಾಗದು. ಆದರೆ ದೊಡ್ಡ ಪ್ರಮಾಣದಲ್ಲಿ ಇದೆ ಎನ್ನಲಾದ ವಸ್ತು ಅಲ್ಲಿ ಕಾಣದೇ ಹೋದರೆ ಅದು ಇಲ್ಲವೆಂದು ಧೈರ್ಯವಾಗಿ ಹೇಳಬಹುದು.

ಕೊನೆಗೆ, ಬೇರೊಂದು ಪ್ರಯೋಗಾಲಯದ ಉನ್ನತ ವಿಭೇದನದ (ಹತ್ತಿರದ ದ್ರವ್ಯರಾಶಿಗಳನ್ನೂ ಬಿಡಿಸಿ ತೋರಿಸುವ) ಟೈಮ್-ಆಫ್-ಫ್ಲೈಟ್ ಯಂತ್ರದಲ್ಲಿ ನಾಲ್ಕು ಸಾರಗಳನ್ನು ಹಾಯಿಸುವ ಅವಕಾಶ ಸಿಕ್ಕಿತು. 0.12ರ ಅಂತರ ಬಿಡಿಸಲು ಸುಮಾರು 3,500ರ ವಿಭೇದನ ಸಾಕು; ಇಂಥ ಯಂತ್ರಗಳಿಗೆ ಅದು ಏನೇನೂ ಅಲ್ಲ. 423.27ರಲ್ಲಿ ದೊಡ್ಡ ಪೀಕ್, 423.14ರಲ್ಲಿ ಅದರ ಬುಡದಲ್ಲಿ ಒಂದು ಸಣ್ಣ ಪೀಕ್ ಬಂತು. ಬ್ಯುಟಿರೋಲ್ಯಾಕ್ಟೋನ್-1 ಇಲ್ಲವೇ ಇಲ್ಲವೆಂದಲ್ಲ. ಇತ್ತು, ನಾವು ವರದಿ ಬರೆಯಲು ಹೊರಟಿದ್ದಕ್ಕಿಂತ ಬಹಳ ಕಡಿಮೆ ಇತ್ತು.

ವಿಧಾನವನ್ನು ಮತ್ತೆ ಕಟ್ಟಿದ್ದು

ಹೊಸ ವಿಧಾನದಲ್ಲಿ ಮೊದಲ ಆದ್ಯತೆ ಕಾಲಮ್‌ಗೆ ಕೊಟ್ಟೆವು. ಯಂತ್ರ ಎಷ್ಟೇ ಉತ್ತಮವಾಗಿದ್ದರೂ, ಉತ್ಪನ್ನ ಮತ್ತು ಸಂಕೇತ ಅಣು ಒಂದೇ ಕ್ಷಣದಲ್ಲಿ ಹೊರಬಂದರೆ ಉತ್ಪನ್ನದ ರಾಶಿ ಸಂಕೇತದ ಅಯಾನೀಕರಣವನ್ನು ಅದುಮುತ್ತದೆ. ಬೇರ್ಪಡಿಸುವುದೇ ಸರಿಯಾದ ದಾರಿ. ಉದ್ದದ ಕಾಲಮ್ ಮತ್ತು ಇಳಿಜಾರು ಕಡಿಮೆಯಾದ ಗ್ರೇಡಿಯೆಂಟ್ ಬಳಸಿ ಎರಡರ ನಡುವೆ ಪೂರ್ತಿ ಖಾಲಿ ಜಾಗ ಬಿಡಿಸಿದೆವು. ಪ್ರತಿ ಓಟಕ್ಕೆ ಮೂರು ಪಟ್ಟು ಸಮಯ ಹಿಡಿಯಿತು. ಪ್ರತಿ ಓಟದಲ್ಲಿಯೂ 421ರ ಚಾನೆಲನ್ನು ಕಡ್ಡಾಯವಾಗಿ ದಾಖಲಿಸುವ ನಿಯಮ ಮಾಡಿಕೊಂಡೆವು, ಬೇರ್ಪಡಿಕೆ ಸಡಿಲವಾದರೆ ತಕ್ಷಣ ಗೊತ್ತಾಗಲೆಂದು. ಅಯಾನನ್ನು ಒಡೆದು ಅದರ ತುಣುಕುಗಳನ್ನೂ ನೋಡಬಲ್ಲ ಟ್ರಿಪಲ್ ಕ್ವಾಡ್ರುಪೋಲ್ ಯಂತ್ರ ಸಿಕ್ಕ ದಿನಗಳಲ್ಲಿ 423ನ್ನು ಒಡೆದು ನೋಡಿದೆವು. ಲೊವಾಸ್ಟಾಟಿನ್ ಆಮ್ಲಕ್ಕೆ ಮೀಥೈಲ್‌ಬ್ಯುಟಿರಿಕ್ ಆಮ್ಲದ ಪಾರ್ಶ್ವ ಸರಪಳಿಯಿದ್ದು, ಒಡೆದಾಗ 101ರ ತುಣುಕು ಬರುತ್ತದೆ. ಭಾರದ ಇಂಗಾಲ ಆ ಸರಪಳಿಯಲ್ಲೇ ಸೇರಿದ್ದರೆ 102 ಅಥವಾ 103ರದು. ಬ್ಯುಟಿರೋಲ್ಯಾಕ್ಟೋನ್-1ರಲ್ಲಿ ಆ ಸರಪಳಿ ಇಲ್ಲ. 423ನ್ನು ಒಡೆದಾಗ ಈ ತುಣುಕುಗಳು ಕಂಡರೆ ನೆರಳು ಇನ್ನೂ ಇದೆ ಎಂದರ್ಥ.

ಈ ಮರುಕಟ್ಟುವಿಕೆಯಲ್ಲಿ, ಮೊದಲ ತಪ್ಪಿನ ಹಿಂದೆ ಅಡಗಿದ್ದ ಇನ್ನೊಂದು ತಪ್ಪು ಹೊರಬಂತು. ಗೊತ್ತಿರುವ ಪ್ರಮಾಣದ ಬ್ಯುಟಿರೋಲ್ಯಾಕ್ಟೋನ್-1ನ್ನು ಬರಿಯ ಮಾಧ್ಯಮಕ್ಕೆ ಸೇರಿಸಿ, ಸೋಸಿ, ಅಳೆದರೆ ಸೇರಿಸಿದ್ದರಲ್ಲಿ ಬಹುಪಾಲು ತಿರುಗಿ ಸಿಗುತ್ತಿರಲಿಲ್ಲ. ನೈಲಾನ್ ಪೊರೆ ಫೀನಾಲ್ ವಸ್ತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಸುತ್ತಿನಲ್ಲಿ ನಾವು ಸ್ಟ್ಯಾಂಡರ್ಡ್ ಸೇರಿಸಿದ್ದು ಸೋಸಿ, ಸಾರ ತೆಗೆದಾದ ಮೇಲೆ; ಹಾಗಾಗಿ ಶೋಧಕ ನುಂಗಿದ್ದು ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಒಂದು ಕಡೆ ನಿಜವಾದ ಅಣು ಶೋಧಕದಲ್ಲಿ ಉಳಿಯುತ್ತಿತ್ತು, ಇನ್ನೊಂದು ಕಡೆ ಅದರ ಜಾಗವನ್ನು ಉತ್ಪನ್ನದ ನೆರಳು ತುಂಬುತ್ತಿತ್ತು. ಶೋಧಕವನ್ನು ಬಿಟ್ಟು ಸೆಂಟ್ರಿಫ್ಯೂಜ್‌ಗೆ ಬಂದೆವು. ಸ್ಟ್ಯಾಂಡರ್ಡನ್ನು ಫ್ಲಾಸ್ಕಿನಿಂದ ಮಾದರಿ ತೆಗೆದ ಕೂಡಲೇ, ಮೊದಲ ಹಂತದಲ್ಲಿಯೇ ಸೇರಿಸತೊಡಗಿದೆವು. ನೀರನ್ನು ಅಷ್ಟಾಗಿ ಇಷ್ಟಪಡದ ಈ ಅಣು ಶಿಲೀಂಧ್ರದ ಉಂಡೆಗಳಿಗೂ ಅಂಟಿಕೊಂಡಿರುತ್ತದೆ. ಆದ್ದರಿಂದ ದ್ರವವನ್ನು ಒಮ್ಮೆ, ಉಂಡೆಗಳೂ ಸೇರಿದ ಇಡೀ ಮಾದರಿಯನ್ನು ಮೆಥನಾಲ್‌ನಲ್ಲಿ ಕದಡಿ ಇನ್ನೊಮ್ಮೆ ಅಳೆದು, ಎರಡು ಸಂಖ್ಯೆಗಳನ್ನೂ ಬೇರೆಬೇರೆಯಾಗಿ ಬರೆದಿಟ್ಟೆವು. ಜೀವಕೋಶಕ್ಕೆ ಸಂಕೇತವಾಗಿ ತಟ್ಟುವುದು ಕರಗಿರುವ ಭಾಗವೇ, ಅಂಟಿಕೊಂಡಿರುವ ಭಾಗವೇ ಎಂಬುದನ್ನು ಒಟ್ಟು ಮೊತ್ತ ಹೇಳಲಾರದು.

ಇದೇ ಬಗೆಯ ಕಷ್ಟಗಳು ಬೇರೆ ಶಿಲೀಂಧ್ರಗಳಲ್ಲಿ ಬೇರೆ ವೇಷದಲ್ಲಿ ಎದುರಾಗುತ್ತವೆ. ಬೀಟಾ-ಕ್ಯಾರೋಟಿನ್ ತಯಾರಿಕೆಗೆ ಬಳಸುವ ಬ್ಲೇಕ್‌ಸ್ಲಿಯಾ ಟ್ರಿಸ್ಪೋರಾದಲ್ಲಿ ಟ್ರಿಸ್ಪೋರಿಕ್ ಆಮ್ಲಗಳೆಂಬ ಸಂಕೇತ ಅಣುಗಳನ್ನು 325 ನ್ಯಾನೋಮೀಟರಿನ ಹೀರುವಿಕೆಯಿಂದ ಅಳೆಯುವ ರೂಢಿಯಿದೆ. ಅದು ಒಂದೇ ಅಣುವಲ್ಲ, ಹತ್ತಿರದ ಸಂಬಂಧಿಗಳ ಗುಂಪು. ಒಂದು ಸಂಖ್ಯೆಯಲ್ಲಿ ಇಡೀ ಗುಂಪು ಅಡಗಿರುತ್ತದೆ. ಕೊಬ್ಬಿನಾಮ್ಲಗಳಿಂದ ಹುಟ್ಟುವ ಆಕ್ಸಿಲಿಪಿನ್‌ಗಳಲ್ಲಿ ಹೈಡ್ರಾಕ್ಸಿಲ್ ಗುಂಪು ಯಾವ ಇಂಗಾಲದ ಮೇಲಿದೆ ಎಂಬುದೊಂದೇ ವ್ಯತ್ಯಾಸವಿರುವ, ದ್ರವ್ಯರಾಶಿ ಒಂದೇ ಆಗಿರುವ ಅಣುಗಳನ್ನು ಬಿಡಿಸಬೇಕಾಗುತ್ತದೆ, ಅಲ್ಲಿ ಉನ್ನತ ವಿಭೇದನವೂ ನೆರವಾಗದು.

ಎರಡನೇ ಸುತ್ತು

ಹೊಸ ವಿಧಾನದಲ್ಲಿ ಹೊಸ ಫ್ಲಾಸ್ಕ್‌ಗಳನ್ನು ಅಳೆದಾಗ ಬ್ಯುಟಿರೋಲ್ಯಾಕ್ಟೋನ್-1 ಮತ್ತು ಲೊವಾಸ್ಟಾಟಿನ್‌ಗಳ ರೇಖೆಗಳು ಒಂದರ ಮೇಲೊಂದು ಕೂರಲಿಲ್ಲ. ಬ್ಯುಟಿರೋಲ್ಯಾಕ್ಟೋನ್-1 ತಡವಾಗಿ ಕಾಣಿಸಿಕೊಂಡಿತು, ಫ್ಲಾಸ್ಕಿನಿಂದ ಫ್ಲಾಸ್ಕಿಗೆ ಹೆಚ್ಚು ಏರುಪೇರು ತೋರಿತು. ಅದು ಮೊದಲ ಬಾರಿ ಅಳತೆಗೆ ಸಿಕ್ಕ ದಿನಕ್ಕೆ ಲೊವಾಸ್ಟಾಟಿನ್ ತಯಾರಿಕೆ ಆಗಲೇ ಆರಂಭವಾಗಿತ್ತು. ಇದರಿಂದ ಅದು ಸಂಕೇತವಲ್ಲ ಎಂದು ಹೇಳಲು ಬರುವುದಿಲ್ಲ. ನಮ್ಮ ಅಳತೆಯ ಕೆಳಮಿತಿಗಿಂತ ಕಡಿಮೆ ಪ್ರಮಾಣದಲ್ಲಿ ಅದು ಮೊದಲೇ ಇದ್ದಿರಬಹುದು, ಉಂಡೆಯ ಒಳಗೆ ಸಾಂದ್ರತೆ ಹೊರಗಿನ ದ್ರವಕ್ಕಿಂತ ಬೇರೆ ಇರಬಹುದು. ಹೇಳಬಹುದಾದದ್ದು ಇಷ್ಟು: ಈ ಫ್ಲಾಸ್ಕ್‌ಗಳಲ್ಲಿ, ಈ ತಳಿಯಲ್ಲಿ, ಎರಡೂ ಒಟ್ಟಿಗೆ ಏರುತ್ತವೆ ಎಂಬ ಸಾಕ್ಷ್ಯ ನಮ್ಮ ಬಳಿ ಇಲ್ಲ. 1998ರ ವರದಿ ಹೊರಗಿನಿಂದ ಸೇರಿಸಿದಾಗಿನ ಪರಿಣಾಮದ ಬಗ್ಗೆ ಹೇಳಿದ್ದರಿಂದ ಇದು ಅದಕ್ಕೆ ವಿರೋಧವೂ ಅಲ್ಲ.

ಹೊರಗಿನಿಂದ ಸೇರಿಸಿ ನೋಡುವ ಪ್ರಯೋಗಕ್ಕೆ ಈಗ ಸರಿಯಾದ ಅರ್ಥ ಬಂದಿದೆ, ಏಕೆಂದರೆ ಎಷ್ಟು ಸೇರಿಸಬೇಕೆಂದು ನಿರ್ಧರಿಸಲು ಶಿಲೀಂಧ್ರ ತಾನಾಗಿ ತಯಾರಿಸುವ ಪ್ರಮಾಣ ಗೊತ್ತಿದೆ. ಅಣುವನ್ನು ಕರಗಿಸುವ ದ್ರಾವಕವನ್ನಷ್ಟೇ ಸೇರಿಸಿದ ಫ್ಲಾಸ್ಕ್‌ಗಳು, ಅದೇ ಪ್ರಮಾಣದ ಬೇರೊಂದು ಫೀನಾಲ್ ವಸ್ತು ಸೇರಿಸಿದ ಫ್ಲಾಸ್ಕ್‌ಗಳು ಜೊತೆಗಿರುತ್ತವೆ. ಬ್ಯುಟಿರೋಲ್ಯಾಕ್ಟೋನ್-1 ಜೀವಕೋಶ ವಿಭಜನೆಗೆ ಬೇಕಾದ ಕೈನೇಸ್ ಕಿಣ್ವಗಳನ್ನು ತಡೆಯುವ ವಸ್ತುವೂ ಆಗಿರುವುದರಿಂದ, ಹೆಚ್ಚು ಪ್ರಮಾಣದಲ್ಲಿ ಕಂಡ ಪರಿಣಾಮ ಸಂಕೇತದ್ದೋ ಬರಿಯ ಒತ್ತಡದ್ದೋ ಎಂದು ಬಿಡಿಸಿ ಹೇಳಲು ಈ ಹೋಲಿಕೆಗಳು ಬೇಕೇಬೇಕು.

ಮೊದಲ ಸುತ್ತಿನ ಸಾರಗಳು ಶೀತಪೆಟ್ಟಿಗೆಯಲ್ಲಿ ಇನ್ನೂ ಇವೆ. ಲೊವಾಸ್ಟಾಟಿನ್‌ನ ಮಟ್ಟಿಗೆ ಅವುಗಳ ಸಂಖ್ಯೆಗಳನ್ನು ಎರಡು ರೂಪಗಳನ್ನೂ ಕೂಡಿಸಿ ಮತ್ತೆ ಲೆಕ್ಕ ಹಾಕಿ ಉಳಿಸಿಕೊಂಡಿದ್ದೇವೆ. ಬ್ಯುಟಿರೋಲ್ಯಾಕ್ಟೋನ್-1ರ ಮಟ್ಟಿಗೆ, ಅವೆಲ್ಲವನ್ನೂ ನೈಲಾನ್ ಶೋಧಕದಲ್ಲಿ ಸೋಸಿಯಾಗಿದ್ದರಿಂದ, ಎಷ್ಟು ಒಳ್ಳೆಯ ಯಂತ್ರಕ್ಕೆ ಹಾಯಿಸಿದರೂ ಪ್ರಯೋಜನವಿಲ್ಲ. ಆ ಸೀಸೆಗಳ ಮೇಲೆ ಹಾಗೆಂದು ಬರೆದು ಅಂಟಿಸಿದ್ದೇವೆ.